ಕೊಪ್ಪ ಒತ್ತಿದರೆ ಮೂಡಿಗೆರೆಯ ಮಳೆ!

ಪ್ರಶ್ನೆ: ತಾಲ್ಲೂಕುವಾರು ಮಳೆ ಲೆಕ್ಕ ತೋರಿಸುವ ವೆಬ್ ಆ್ಯಪನ್ನು ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಕಟ್ಟುತ್ತಿದ್ದೇನೆ. ಮೂಡಿಗೆರೆ ಒತ್ತಿದ ಬೆನ್ನಿಗೇ ಕೊಪ್ಪ ಒತ್ತಿದರೆ, ಕೆಲವೊಮ್ಮೆ ಕೊಪ್ಪದ ಹೆಸರಿನಡಿ ಮೂಡಿಗೆರೆಯ ಅಂಕಿಗಳು ಬಂದು ಕೂರುತ್ತವೆ. ಇನ್ನೊಂದು: ನನ್ನ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದ ಕೂಡಲೇ ಸರ್ವರ್‌ಗೆ ಮೊದಲ ರಿಕ್ವೆಸ್ಟ್ (ಡೇಟಾ ಕೋರಿಕೆ) ಎರಡು ಸಲ ಹೋಗುತ್ತದೆ.
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ಕೇಳಿದ್ದಕ್ಕೇ ಮೊದಲು ಉತ್ತರ ಬರಬೇಕೆಂಬ ನಿಯಮ ನೆಟ್‌ವರ್ಕ್‌ನಲ್ಲಿಲ್ಲ. ಕೊಪ್ಪದ ಡೇಟಾ ಬೇಗ ಬಂತು, ಮೂಡಿಗೆರೆಯದು ತಡವಾಗಿ ಬಂದು ಅದರ ಮೇಲೆಯೇ ಸ್ಟೇಟ್ (ಪರದೆಯಲ್ಲಿ ತೋರಿಸಲು ಕಂಪೋನೆಂಟ್, ಅಂದರೆ ಪುಟದ ಭಾಗ, ನೆನಪಿಟ್ಟುಕೊಳ್ಳುವ ಡೇಟಾ) ಬರೆದುಬಿಟ್ಟಿತು. ಇಷ್ಟೇ ಆಗಿರುವುದು.

ಪುಟ ಮೂಡಿದ ಮೇಲೆ ಡೇಟಾ ತರುವಂಥ ಕೆಲಸ ಮಾಡಿಸುವ ಯೂಸ್‌ಎಫೆಕ್ಟ್ ಒಳಗೆ ಪ್ರತಿ ಸಲವೂ ಹೊಸ ಅಬಾರ್ಟ್‌ಕಂಟ್ರೋಲರ್ (ರಿಕ್ವೆಸ್ಟ್ ರದ್ದು ಮಾಡುವ ಸಾಧನ) ಮಾಡಿ, ಅದರ ಸಿಗ್ನಲ್ಲನ್ನು ಡೇಟಾ ತರುವ ಫೆಚ್‌ಗೆ ಕೊಡಿ. ಎಫೆಕ್ಟ್‌ನಿಂದ ಹಿಂದಿರುಗಿಸುವ ಕ್ಲೀನ್‌ಅಪ್ ಫಂಕ್ಷನ್ನಿನಲ್ಲಿ ಅಬಾರ್ಟ್ ಕರೆಯಿರಿ. ತಾಲ್ಲೂಕು ಬದಲಾದಾಗ ರಿಯಾಕ್ಟ್ ಹಳೆಯ ಕ್ಲೀನ್‌ಅಪ್ ಮುಗಿಸಿಯೇ ಹೊಸ ಎಫೆಕ್ಟ್ ಓಡಿಸುತ್ತದೆ; ಯಾವುದು ಬದಲಾದರೆ ಎಫೆಕ್ಟ್ ಮತ್ತೆ ಓಡಬೇಕೆಂದು ಹೇಳುವ ಡಿಪೆಂಡೆನ್ಸಿ ಪಟ್ಟಿಯಲ್ಲಿ ತಾಲ್ಲೂಕಿನ ಐಡಿ ಇರಲೇಬೇಕು. ರದ್ದಾದ ಫೆಚ್ ಅಬಾರ್ಟ್‌ಎರರ್ ಎಸೆಯುತ್ತದೆ. ಅದನ್ನು ಎರರ್ ಹಿಡಿಯುವ ಕ್ಯಾಚ್‌ನಲ್ಲಿ ಗುರುತಿಸಿ ಸುಮ್ಮನಿರಿ, ಇಲ್ಲವಾದರೆ ಪ್ರತಿ ಕ್ಲಿಕ್ಕಿಗೂ ಕೆಂಪಕ್ಷರದ ಎಚ್ಚರಿಕೆ ಕಾಣಿಸೀತು. ಎಫೆಕ್ಟ್‌ಗೆ ಕೊಡುವ ಫಂಕ್ಷನ್ನಿಗೇ ಅಸಿಂಕ್ ಹಚ್ಚಬೇಡಿ: ಆಗ ಅದು ಹಿಂದಿರುಗಿಸುವುದು ಪ್ರಾಮಿಸ್ (ಮುಂದೆ ಬರುವ ಫಲಿತಾಂಶದ ವಸ್ತು), ಫಂಕ್ಷನ್ ಅಲ್ಲ, ಹಾಗಾಗಿ ಕ್ಲೀನ್‌ಅಪ್ ಓಡುವುದೇ ಇಲ್ಲ. ಅಸಿಂಕ್ ಫಂಕ್ಷನ್ ಒಳಗಿರಲಿ.

ಅಬಾರ್ಟ್ ಮಾಡಿದರೆ ಬ್ರೌಸರ್ ಕಾಯುವುದು ನಿಲ್ಲುತ್ತದೆ, ಸರ್ವರ್ ಮಾತ್ರ ಕೆಲಸ ಮುಗಿಸಿರಬಹುದು. ಓದುವ ರಿಕ್ವೆಸ್ಟ್‌ಗೆ ಚಿಂತೆಯಿಲ್ಲ. ಸೇವ್ ಮಾಡುವುದನ್ನು ರದ್ದಾಯಿತೆಂದು ನಂಬಿ ಮತ್ತೆ ಕಳಿಸಿದರೆ ಎರಡು ದಾಖಲೆ ಆದೀತು.

ನಿಮ್ಮ ಎರಡನೆಯ ಪ್ರಶ್ನೆ: ರಿಕ್ವೆಸ್ಟ್ ಎರಡು ಸಲ ಹೋಗುವುದು ರಿಯಾಕ್ಟ್‌ನ ತಪ್ಪು ಪತ್ತೆ ವ್ಯವಸ್ಥೆಯಾದ ಸ್ಟ್ರಿಕ್ಟ್‌ಮೋಡ್‌ನ ಕೆಲಸ. ರಿಯಾಕ್ಟ್ 18ರಿಂದ ಅದು ಡೆವಲಪ್‌ಮೆಂಟ್‌ನಲ್ಲಿ ಮಾತ್ರ ಕಂಪೋನೆಂಟನ್ನು ಒಮ್ಮೆ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡುತ್ತದೆ. ಕಾಟವೆಂದು ತೆಗೆಯಬೇಡಿ, ಕ್ಲೀನ್‌ಅಪ್ ಮರೆತವರನ್ನು ಹಿಡಿದುಕೊಡುವುದು ಅದೇ.

ಪರೀಕ್ಷೆಗೆ ಬ್ರೌಸರಿನ ವೇಗ ತಗ್ಗಿಸಿದರೆ ಸಾಲದು, ಎಲ್ಲವೂ ಒಟ್ಟಿಗೆ ನಿಧಾನವಾಗುತ್ತವೆ. ಸರ್ವರ್‌ನಲ್ಲಿ ಮೂಡಿಗೆರೆಗೆ ಮಾತ್ರ 3 ಸೆಕೆಂಡು ತಡೆ ಹಾಕಿ ನೋಡಿ.

ಪ್ರಶ್ನೆ: ಸಿಗ್ನಲ್ ಸಿಕ್ಕೂ ಸಿಗದ ಕಡೆ ನಮ್ಮ ಪುಟ ‘ಲೋಡ್ ಆಗುತ್ತಿದೆ’ ಎಂದೇ ನಿಂತುಬಿಡುತ್ತದೆ. ಸರ್ವರ್ 500 (ಸರ್ವರ್‌ನೊಳಗಿನ ದೋಷದ ಕೋಡ್) ಕೊಟ್ಟಾಗಲೂ ಹಾಗೇ.
– ಓದುಗರು, ಸಕಲೇಶಪುರ, ಹಾಸನ ಜಿಲ್ಲೆ

ಉತ್ತರ: 404 (ಕೇಳಿದ್ದು ಸಿಗಲಿಲ್ಲ), 500 ಬಂದರೂ ಫೆಚ್ ಎರರ್ ಎಸೆಯುವುದಿಲ್ಲ, ರೆಸ್ಪಾನ್ಸ್‌ನ ‘ಓಕೆ’ ನೋಡಿ ನೀವೇ ಎಸೆಯಬೇಕು. ಕೋಡಿನಲ್ಲಿ ಫೆಚ್‌ಗೆ ಕಾಯುವ ಮಿತಿ ಹಾಕದಿದ್ದರೆ ಬ್ರೌಸರ್ ತಾನಾಗಿ ಕೈಬಿಡುವ ತನಕ ಕಾಯುತ್ತದೆ. ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್‌ಗೆ 10000 ಮಿಲಿಸೆಕೆಂಡು ಕೊಟ್ಟರೆ 10 ಸೆಕೆಂಡಿಗೆ ಟೈಮ್‌ಔಟ್‌ಎರರ್ ಬರುತ್ತದೆ. ಆಗ ‘ಮತ್ತೆ ಪ್ರಯತ್ನಿಸಿ’ ಬಟನ್ ತೋರಿಸಿ. ಮೇಲಿನ ಕ್ಲೀನ್‌ಅಪ್ ಸಿಗ್ನಲ್ಲೂ ಬೇಕಿದ್ದರೆ ಎರಡನ್ನೂ ಅಬಾರ್ಟ್‌ಸಿಗ್ನಲ್‌ನ ‘ಎನಿ’ಯಲ್ಲಿ ಕೂಡಿಸಿ. ಲೋಡಿಂಗನ್ನು ಫಾಲ್ಸ್ ಮಾಡುವ ಸಾಲು ಗೆದ್ದ ದಾರಿಯಲ್ಲಷ್ಟೇ ಇದ್ದರೆ ಸೋತಾಗ ಪುಟ ಹೀಗೇ ನಿಲ್ಲುತ್ತದೆ. ಅದನ್ನು ಗೆದ್ದರೂ ಸೋತರೂ ಓಡುವ ‘ಫೈನಲಿ’ ಬ್ಲಾಕ್‌ಗೆ ಸರಿಸಿ, ಆದರೆ ಕ್ಲೀನ್‌ಅಪ್‌ನ ಸಿಗ್ನಲ್ ಅಬಾರ್ಟ್ ಆಗಿಲ್ಲವೆಂದು ಖಚಿತಪಡಿಸಿಕೊಂಡೇ. ಇಲ್ಲದಿದ್ದರೆ ಹಳೆಯ ರಿಕ್ವೆಸ್ಟ್ ಹೊಸದರ ಲೋಡಿಂಗನ್ನು ನಡುವೆಯೇ ಆರಿಸಿಬಿಡುತ್ತದೆ.