ಠಾಣೆಯಿಂದ ಮರಳಿದ ಕೋವಿಯ ತುಕ್ಕು

ಗೌಡರೇ, ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದ ಜೋಡುನಳಿಗೆ ಕೋವಿ ಮಳೆ ಹಿಡಿದ ಮೇಲೆ ಕೈಸೇರಿತು, ನಳಿಗೆಯ ಮೇಲೆ ಕೆಂಪು ತುಕ್ಕು, ಕೋವಿ ತೆರೆಯುವ ಲಿವರ್ ಬಿಗಿ ಎಂದು ಬರೆದಿದ್ದೀರಿ. ಅಮೆರಿಕದವರು ಸೆಮಿ ಆಟೊಮ್ಯಾಟಿಕ್ ರೈಫಲ್ ಬಿಚ್ಚಿ ತೊಳೆಯುವ ವಿಡಿಯೊ ನೋಡಿ, ಅದೇ ದ್ರಾವಣ ತರಿಸಲೇ ಎಂದೂ ಕೇಳಿದ್ದೀರಿ. ಬೇಡ. ಅಂಥ ಬಹಳಷ್ಟು ರೈಫಲ್‌ಗಳಲ್ಲಿ ಈಡಿನ ಅನಿಲವೇ ಮುಂದಿನ ಗುಂಡನ್ನು ತುಂಬುವ ಕೆಲಸ ಮಾಡುತ್ತದೆ, ಹಾಗಾಗಿ ಮಸಿ ಯಂತ್ರದೊಳಗೇ ಕಟ್ಟುತ್ತದೆ. ಗುಂಡಿನ ತಾಮ್ರದ ಕವಚವೂ ನಳಿಗೆಗೆ ಮೆತ್ತುತ್ತದೆ. ಅಮೋನಿಯಾ ಬೆರೆತ ದ್ರಾವಣ ಅದಕ್ಕಾಗಿ. ನಮ್ಮ 12 ಬೋರ್ ಅಳತೆಯ ಜೋಡುನಳಿಗೆಯಲ್ಲಿ ಮೆತ್ತುವುದು ಸೀಸ, ತೋಟಾದ ಪ್ಲಾಸ್ಟಿಕ್ ಮತ್ತು ಮಸಿ, ಅಷ್ಟೇ.

ಮೊದಲು ಲಿವರ್ ಸರಿಸಿ ಕೋವಿಯನ್ನು ನಡುವೆ ಬಗ್ಗಿಸಿ ತೆರೆದು ಎರಡೂ ಕಡೆ ತೋಟಾ ಇಲ್ಲವೆಂದು ಬೆರಳಿಟ್ಟು ನೋಡಿ. ನಳಿಗೆ ಕಳಚಿ ಆಕಾಶದ ಕಡೆ ಹಿಡಿದು ಒಳಗೆ ಕಣ್ಣು ಹಾಯಿಸಿ. ಒಂದು ವರ್ಷ ನಮ್ಮ ಕೋವಿಯ ಎಡನಳಿಗೆಯಲ್ಲಿ ಬೆಳಕೇ ಕಾಣಲಿಲ್ಲ. ಕಣಜವೊಂದು ಒಳಗೆ ಮಣ್ಣಿನ ಗೂಡು ಕಟ್ಟಿತ್ತು. ಕಾಡುಹಂದಿ ಬಂತೆಂಬ ಗಡಿಬಿಡಿಯಲ್ಲಿ ಹಾಗೇ ಈಡು ಹೊಡೆದಿದ್ದರೆ ನಳಿಗೆ ಸೀಳಿ ನನ್ನ ಎಡಗೈ ಹೋಗುತ್ತಿತ್ತು.

ಗಜಕ್ಕೆ, ಅಂದರೆ ನಳಿಗೆ ಒರೆಸುವ ಉದ್ದನೆಯ ಕೋಲಿಗೆ, ಹಿತ್ತಾಳೆ ಬ್ರಷ್ ಸಿಕ್ಕಿಸಿ, ಸೀಮೆಎಣ್ಣೆಯಲ್ಲಿ ಅದ್ದಿ, ತೋಟಾ ಕೂರುವ ಕಡೆಯಿಂದ ಬಾಯಿಯವರೆಗೆ ಹತ್ತಿಪ್ಪತ್ತು ಸಲ ಓಡಿಸಿ. ತೋಟಾದ ಮನೆ ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲೇ ಸೀಸ ಹೆಚ್ಚು ಕೂರುವುದು, ಅಲ್ಲಿ ಕೈ ನಿಧಾನವಾಗಲಿ. ಆಮೇಲೆ ಹಳೆಯ ಪಂಚೆಯ ಚೂರು ಬಿಳಿಯಾಗಿಯೇ ಹೊರಬರುವವರೆಗೆ ಒರೆಸಿ. ಸೀಮೆಎಣ್ಣೆ ಆರಿದರೆ ಕಬ್ಬಿಣಕ್ಕೆ ಯಾವ ರಕ್ಷಣೆಯೂ ಉಳಿಯದು. ಆದ್ದರಿಂದ ಕೊನೆಯ ಚೂರಿಗೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕೇ ಹನಿ.

ಹೊರಗಿನ ತುಕ್ಕಿಗೆ ಉಪ್ಪುಕಾಗದ ಮುಟ್ಟಿಸಲೇಬೇಡಿ, ನೀಲಿಗಪ್ಪು ಬಣ್ಣವೂ ಕಿತ್ತು ಬರುತ್ತದೆ. ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅತಿ ನಯವಾದ ಉಕ್ಕಿನ ನಾರನ್ನು ಎಣ್ಣೆಯಲ್ಲೇ ನೆನೆಸಿ ಹಗುರವಾಗಿ ಉಜ್ಜಿ. ತುಕ್ಕು ತಿಂದ ಗುಂಡಿ ಉಗುರಿಗೆ ತಾಕಿದರೆ, ಅದರಲ್ಲೂ ನಳಿಗೆಯ ಒಳಗೆ ಗುಂಡಿ ಕಂಡರೆ, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸುವವರೆಗೆ ತೋಟಾ ಹಾಕಬೇಡಿ.

ಇನ್ನೊಂದು ಪರೀಕ್ಷೆ ಇದೆ. ನಳಿಗೆಯನ್ನು ಕೊಕ್ಕೆಯಿಂದ ತೂಗುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯಂತೆ ಮೊಳಗಿದರೆ ಸರಿ. ಒಡಕು ಮಡಕೆಯ ಸದ್ದು ಬಂದರೆ ಎರಡು ನಳಿಗೆಗಳನ್ನು ಕೂಡಿಸಿದ ಪಟ್ಟಿಯ ಬೆಸುಗೆ ಬಿಟ್ಟಿರಬಹುದು. ಅದರಡಿ ನೀರು ಇಳಿದು ಕಣ್ಣಿಗೆ ಕಾಣದಂತೆ ತುಕ್ಕು ತಿನ್ನುತ್ತದೆ.

ಲಿವರ್ ಬಿಗಿಯಾಗಿರುವುದಕ್ಕೆ ನನ್ನ ಅನುಮಾನ ಕೊಬ್ಬರಿ ಎಣ್ಣೆಯ ಮೇಲೆ. ನಾನೂ ಹಾಕಿದವನೇ. ಡಿಸೆಂಬರ್ ಚಳಿಗೆ ಅದು ಒಳಗೇ ಗಟ್ಟಿಯಾಗಿ, ಹಳೆಯದು ಅಂಟಾಗಿ ಕೂತಿತ್ತು. ಹೊಲಿಗೆ ಎಣ್ಣೆ ಎರಡು ಹನಿ ಬಿಟ್ಟು ಲಿವರನ್ನು ಆಡಿಸಿ. ಹೆಚ್ಚು ಸುರಿದರೆ ಎಣ್ಣೆ ಹಿಂಬದಿಯ ಮರಕ್ಕೆ ಇಳಿದು ಅದನ್ನು ಮೆತ್ತಗಾಗಿಸುತ್ತದೆ. ಅದಕ್ಕೇ ಎಣ್ಣೆ ಹಾಕಿದ ಮೊದಲೆರಡು ದಿನ ಕೋವಿಯನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸುವುದು.

ಬಾಯಿಯಿಂದ ಕರಿಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿ ಇರುವವರಿಗೂ ಒಂದು ಮಾತು: ಕರಿಮದ್ದು ಉರಿದು ಉಳಿಯುವ ಉಪ್ಪು ಎಣ್ಣೆಗೆ ಕರಗದು. ಈಡು ಹೊಡೆದ ದಿನವೇ ಕುದಿನೀರು ಹೊಯ್ದು ತೊಳೆದು, ಬಿಸಿ ಇರುವಾಗಲೇ ಒಣಗಿಸಿ, ಎಣ್ಣೆ ಸವರಬೇಕು. ಆಯುಧಪೂಜೆಯ ಗಂಧ ಕುಂಕುಮವನ್ನೂ ಅಂದೇ ಒರೆಸಿ. ನಮ್ಮ ನಳಿಗೆಯ ಮೇಲೆ ಬೊಟ್ಟಿನ ಆಕಾರದಲ್ಲೇ ಒಂದು ಕಲೆ ಇಂದಿಗೂ ಇದೆ.

ಚರ್ಮದ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಮುಂದಿನ ಚುನಾವಣೆಗೆ ಒಪ್ಪಿಸುವಾಗ ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ಚೀಲ ಮನೆಯಲ್ಲೇ ಬಿಟ್ಟು, ಕೋವಿಯ ನಂಬರ್ ಕಾಣುವಂತೆ ಫೋಟೊ ತೆಗೆದುಕೊಂಡು ಹೋಗಿ. ರಸೀದಿಯಲ್ಲಿ ‘ತುಕ್ಕಿಲ್ಲ’ ಎಂದು ಬರೆಸಿಕೊಳ್ಳಲು ನಾನು ಪ್ರತಿ ಸಲ ಕೇಳುತ್ತೇನೆ, ಒಮ್ಮೆ ಬರೆದುಕೊಟ್ಟರು.