ಹೊಸ ಕಂಪ್ಯೂಟರಿನಲ್ಲಿ ಆಕ್ಸೆಸ್ ಕಡತ ತೆರೆದಾಗ ‘ಕಂಪೈಲ್ ಎರರ್’ ಬಂದರೆ ಎಲ್ಲಿಂದ ನೋಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿದ್ದು ಹೀಗೆ. ಯಾದಗಿರಿಯ ನಿಮ್ಮ ಅಡತ್ ಅಂಗಡಿಯ ಲೆಕ್ಕಕ್ಕಾಗಿ ಹಿಂದೆ ಯಾರೋ ಬರೆದುಕೊಟ್ಟ ಆಕ್ಸೆಸ್ (ಮಾಹಿತಿಯನ್ನು ಟೇಬಲ್ಲುಗಳಲ್ಲಿ ಇಡುವ ಮೈಕ್ರೋಸಾಫ್ಟ್ ಆಫೀಸಿನ ತಂತ್ರಾಂಶ) ಕಡತವು ಹಳೆಯ ಕಂಪ್ಯೂಟರಿನಲ್ಲಿ ಆಕ್ಸೆಸ್ 2007ರ ಮೇಲೆ ಸರಿಯಾಗಿ ನಡೆಯುತ್ತಿತ್ತು. ಈಗ ಅದನ್ನು ಹೊಸ ಕಂಪ್ಯೂಟರಿಗೆ ತಂದು, ದಿನಾಂಕ ಆರಿಸುವ ಕ್ಯಾಲೆಂಡರ್ ಇರುವ ಫಾರ್ಮಿನಲ್ಲಿ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಮಾಡುವ ಬಟನ್ ಒತ್ತಿದರೆ ‘ಕಂಪೈಲ್ ಎರರ್: ಕಾಂಟ್ ಫೈಂಡ್ ಪ್ರಾಜೆಕ್ಟ್ ಆರ್ ಲೈಬ್ರರಿ’ ಎಂದು ಬರುತ್ತದೆ. ಗುರುತು ‘ಲೆಫ್ಟ್’ ಎಂಬ ಸಾಮಾನ್ಯ ಫಂಕ್ಷನ್ ಮೇಲೆ ನಿಲ್ಲುತ್ತದೆ, ಆ ಸಾಲನ್ನು ಅಳಿಸಿ ಮತ್ತೆ ಬರೆದರೂ ಪ್ರಯೋಜನವಾಗಿಲ್ಲ, ಬರೆದವರು ಈಗ ಸಂಪರ್ಕಕ್ಕೆ ಸಿಗುತ್ತಿಲ್ಲ.

ಆ ಸಾಲನ್ನು ಮೊದಲಿದ್ದ ಹಾಗೆಯೇ ಬಿಡಿ, ಅದರಲ್ಲಿ ತಪ್ಪಿಲ್ಲ. ಕಲಬುರಗಿಯ ನೆಹರು ಗಂಜ್‌ನ ಅಂಗಡಿಗಳಿಗೂ ಸುತ್ತಲಿನ ಕೆಲವು ದಾಲ್ ಮಿಲ್ಲುಗಳಿಗೂ ಇಂತಹ ಕಡತಗಳನ್ನು ನೋಡಿಕೊಡುವುದು ನನ್ನ ಕೆಲಸವಾದ್ದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ವರ್ಷಗಟ್ಟಲೆ ನಡೆದ ಕೋಡ್ ಯಾರೂ ಮುಟ್ಟದೆ ತಾನಾಗಿ ಕೆಡುವುದಿಲ್ಲ, ಬದಲಾಗಿರುವುದು ಅದರ ಸುತ್ತಲಿನ ಕಂಪ್ಯೂಟರ್. ಆದ್ದರಿಂದ ಹುಡುಕಾಟವನ್ನು ಕೋಡಿನ ಸಾಲಿನಿಂದ ಆರಂಭಿಸದೆ, ಆ ಕೋಡ್ ಯಾವ ಯಾವ ಲೈಬ್ರರಿಗಳನ್ನು, ಅಂದರೆ ಸಿದ್ಧ ಕೋಡಿನ ಕಡತಗಳನ್ನು, ನಂಬಿಕೊಂಡಿದೆ ಎಂಬುದರಿಂದ ಆರಂಭಿಸಬೇಕು.

ಏನನ್ನಾದರೂ ಮಾಡುವ ಮೊದಲು ಕಡತದ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಅನಂತರ ಆಲ್ಟ್ ಮತ್ತು ಎಫ್11 ಒಟ್ಟಿಗೆ ಒತ್ತಿ ಕೋಡ್ ಬರೆಯುವ ಕಿಟಕಿಯನ್ನು ತೆರೆದು, ಟೂಲ್ಸ್ ಮೆನುವಿನಲ್ಲಿ ‘ರೆಫರೆನ್ಸಸ್’ ಒತ್ತಿ. ಅದು ಮಂಕಾಗಿ ಕಂಡು ಒತ್ತಲು ಬಾರದಿದ್ದರೆ ಗಾಬರಿಯಾಗಬೇಡಿ. ದೋಷ ಬಂದ ಕ್ಷಣದಲ್ಲಿ ಪ್ರೊಸೀಜರ್‌ನ ಮೊದಲ ಸಾಲು ಹಳದಿಯಾಗಿ ನಿಂತಿರುತ್ತದೆಯಲ್ಲ, ಆ ಸ್ಥಿತಿಯಲ್ಲಿ ಈ ಮೆನು ತೆರೆಯುವುದಿಲ್ಲ. ಮೇಲಿನ ಪಟ್ಟಿಯಲ್ಲಿರುವ ಚಿಕ್ಕ ಚೌಕದ ಆಕಾರದ ‘ರೀಸೆಟ್’ ಗುಂಡಿಯನ್ನು ಒತ್ತಿದರೆ ಹಳದಿ ಹೋಗಿ ಮೆನು ತೆರೆದುಕೊಳ್ಳುತ್ತದೆ. ಬಹಳ ಜನ ಇಲ್ಲಿಯೇ ನಿಂತುಬಿಡುತ್ತಾರೆ.

ತೆರೆದ ಕಿಟಕಿಯಲ್ಲಿ ಟಿಕ್ ಬಿದ್ದಿರುವ ಹೆಸರುಗಳೆಲ್ಲ ಮೇಲ್ಗಡೆ ಇರುತ್ತವೆ. ಅವುಗಳಲ್ಲಿ ಯಾವುದಾದರೊಂದರ ಹಿಂದೆ ದೊಡ್ಡ ಅಕ್ಷರಗಳಲ್ಲಿ ‘ಮಿಸ್ಸಿಂಗ್’ ಎಂದು ಬರೆದಿದ್ದರೆ ನಿಮ್ಮ ತೊಂದರೆಯ ಮೂಲ ಅದೇ. ಕೋಡಿನಲ್ಲಿ ಬರುವ ಹೆಸರುಗಳನ್ನು ಕಂಪೈಲರ್ (ಕೋಡನ್ನು ನಡೆಸುವ ಮೊದಲು ಪರೀಕ್ಷಿಸಿ ಸಿದ್ಧಪಡಿಸುವ ಭಾಗ) ಈ ಪಟ್ಟಿಯ ಲೈಬ್ರರಿಗಳಲ್ಲಿ ಹುಡುಕುತ್ತದೆ. ಪಟ್ಟಿಯಲ್ಲಿ ಒಂದೇ ಒಂದು ಸಿಗದೆ ಹೋದರೂ ಹುಡುಕುವ ಕೆಲಸವೇ ಕೆಡುವುದರಿಂದ, ಅದಕ್ಕೆ ಯಾವ ಸಂಬಂಧವೂ ಇಲ್ಲದ ಲೆಫ್ಟ್, ಡೇಟ್, ಫಾರ್ಮ್ಯಾಟ್‌ನಂತಹ ಫಂಕ್ಷನ್ನುಗಳ ಮೇಲೆ ದೂರು ಬರುತ್ತದೆ. ‘ಲೆಫ್ಟ್’ ಹಿಂದೆ ‘ವಿಬಿಎ’ (ಆಕ್ಸೆಸ್ ಕೋಡಿನ ಭಾಷೆಯ ಹೆಸರು) ಎಂದು ಬರೆದು ಚುಕ್ಕಿ ಇಟ್ಟರೆ ಆ ಸಾಲು ದಾಟಿಹೋಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ದಾಟುವುದು ನಿಜ, ಆದರೆ ದೋಷ ಮುಂದಿನ ಫಂಕ್ಷನ್ನಿಗೆ ಹೋಗಿ ಕೂರುತ್ತದೆ ಅಷ್ಟೆ.

ನಿಮ್ಮ ಫಾರ್ಮಿನಲ್ಲಿ ಕ್ಯಾಲೆಂಡರ್ ಇದೆ ಎಂದಿರುವುದರಿಂದ, ಕಾಣೆಯಾಗಿರುವುದು ‘ಮೈಕ್ರೋಸಾಫ್ಟ್ ಕ್ಯಾಲೆಂಡರ್ ಕಂಟ್ರೋಲ್’ ಇರಬೇಕೆಂಬುದು ನನ್ನ ಊಹೆ. ಆಕ್ಸೆಸ್ 2007ರವರೆಗೆ ಜೊತೆಯಲ್ಲೇ ಬರುತ್ತಿದ್ದ ಅದನ್ನು ಆಫೀಸ್ 2010ರಿಂದ ಕೈಬಿಡಲಾಯಿತು. ಅದರ ಕಡತವನ್ನು ಎಲ್ಲಿಂದಲೋ ತಂದು ಹೊಸ ಕಂಪ್ಯೂಟರಿಗೆ ಸೇರಿಸುವ ದಾರಿಯನ್ನು ಹಿಡಿಯಬೇಡಿ. ಆಫೀಸ್ 32 ಬಿಟ್ ಮತ್ತು 64 ಬಿಟ್ ಎಂಬ ಎರಡು ರೂಪಗಳಲ್ಲಿ ಬರುತ್ತದೆ; ಆ ಕ್ಯಾಲೆಂಡರ್ 32 ಬಿಟ್‌ನದು, 64 ಬಿಟ್‌ನ ಆಕ್ಸೆಸ್‌ನಲ್ಲಿ ನಡೆಯುವುದಿಲ್ಲ. ಬದಲಾಗಿ ಫಾರ್ಮನ್ನು ಡಿಸೈನ್ ವ್ಯೂನಲ್ಲಿ ತೆರೆದು ಆ ಕ್ಯಾಲೆಂಡರಿನ ‘ನೇಮ್’ ಏನಿದೆಯೆಂದು ಬರೆದಿಟ್ಟುಕೊಂಡು, ಅದನ್ನು ಅಳಿಸಿ, ಆ ಜಾಗದಲ್ಲಿ ಅದೇ ಹೆಸರಿನ ಒಂದು ಟೆಕ್ಸ್ಟ್ ಬಾಕ್ಸ್ ಇಟ್ಟು, ಅದರ ಫಾರ್ಮ್ಯಾಟ್ ‘ಶಾರ್ಟ್ ಡೇಟ್’ ಎಂದು ಕೊಡಿ. ಬಾಕ್ಸಿನೊಳಗೆ ಹೋದರೆ ಪಕ್ಕದಲ್ಲಿ ದಿನಾಂಕ ಆರಿಸುವ ಚಿಕ್ಕ ಗುರುತು ತಾನಾಗಿಯೇ ಕಾಣಿಸುತ್ತದೆ. ಹೆಸರು ಅದೇ ಇರುವುದರಿಂದ ದಿನಾಂಕವನ್ನು ಓದುವ ಸಾಲುಗಳನ್ನು ಬದಲಿಸಬೇಕಾಗಿಲ್ಲ. ಕ್ಯಾಲೆಂಡರಿನ ‘ಕ್ಲಿಕ್’ ಘಟನೆಗೆ ಕೋಡ್ ಬರೆದಿದ್ದರೆ ಮಾತ್ರ ಅದನ್ನು ಟೆಕ್ಸ್ಟ್ ಬಾಕ್ಸಿನ ‘ಆಫ್ಟರ್ ಅಪ್‌ಡೇಟ್’ಗೆ ಸಾಗಿಸಬೇಕು. ಇಷ್ಟಾದ ಮೇಲೆ ರೆಫರೆನ್ಸಸ್‌ಗೆ ಹೋಗಿ ‘ಮಿಸ್ಸಿಂಗ್’ ಎಂದಿರುವ ಸಾಲಿನ ಟಿಕ್ ತೆಗೆದು ಓಕೆ ಒತ್ತಿ.

ಕಾಣೆಯಾದದ್ದು ಎಕ್ಸೆಲ್‌ನ ಲೈಬ್ರರಿಯಾಗಿದ್ದರೆ ಪರಿಹಾರ ಬೇರೆ. ಕಡತವನ್ನು ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದರೆ ಎಕ್ಸೆಲ್‌ನ ರೆಫರೆನ್ಸ್ ಮೇಲಿನ ಆವೃತ್ತಿಗೆ ಏರುತ್ತದೆ, ಆದರೆ ಅದೇ ಕಡತವನ್ನು ಮರಳಿ ಹಳೆಯ ಕಂಪ್ಯೂಟರಿಗೆ ಒಯ್ದರೆ ಕೆಳಗೆ ಇಳಿಯುವುದಿಲ್ಲ. ಒಂದೇ ಕಡತವನ್ನು ಪೆನ್‌ಡ್ರೈವಿನಲ್ಲಿ ಅಂಗಡಿಗೂ ಮನೆಗೂ ಓಡಾಡಿಸುವವರಿಗೆ ಇದು ಪದೇ ಪದೇ ಕಾಡುತ್ತದೆ. ಇಲ್ಲಿ ಟಿಕ್ ತೆಗೆದೊಡನೆ ‘ಯೂಸರ್ ಡಿಫೈನ್ಡ್ ಟೈಪ್ ನಾಟ್ ಡಿಫೈನ್ಡ್’ ಎಂಬ ಹೊಸ ದೋಷ ಬರುತ್ತದೆ. ‘ಎಕ್ಸೆಲ್ ಡಾಟ್ ಅಪ್ಲಿಕೇಶನ್’ ಎಂದು ಘೋಷಿಸಿದ ವೇರಿಯಬಲ್ಲನ್ನು (ಕೋಡಿನಲ್ಲಿ ಮೌಲ್ಯವನ್ನು ಹಿಡಿದಿಡುವ ಹೆಸರನ್ನು) ಬರಿಯ ‘ಆಬ್ಜೆಕ್ಟ್’ ಎಂದು ಬದಲಿಸಿ, ‘ಕ್ರಿಯೇಟ್ ಆಬ್ಜೆಕ್ಟ್’ ಮೂಲಕ ಎಕ್ಸೆಲ್ ತೆರೆಯುವಂತೆ ಮಾಡಿದರೆ ಯಾವ ಆವೃತ್ತಿಯಾದರೂ ನಡೆಯುತ್ತದೆ. ಹಾಗೆ ಮಾಡಿದಾಗ ‘ಎಕ್ಸ್‌ಎಲ್ ಅಪ್’ನಂತಹ ಎಕ್ಸೆಲ್‌ನ ಸ್ಥಿರಾಂಕಗಳನ್ನು ಆಕ್ಸೆಸ್ ಗುರುತಿಸುವುದಿಲ್ಲವಾದ್ದರಿಂದ ಅವುಗಳ ಸಂಖ್ಯೆಯನ್ನೇ ಬರೆಯಬೇಕು. ಎಕ್ಸ್‌ಎಲ್ ಅಪ್‌ಗೆ -4162.

ಈಗ ಬಟನ್ ಒತ್ತಿ ಪರೀಕ್ಷಿಸುವ ಬದಲು ಕೋಡ್ ಕಿಟಕಿಯ ಡೀಬಗ್ ಮೆನುವಿನಲ್ಲಿರುವ ‘ಕಂಪೈಲ್’ ಒತ್ತಿ. ಬಟನ್ ಒತ್ತಿದರೆ ಆ ಬಟನ್ನಿಗೆ ಬೇಕಾದ ಭಾಗ ಮಾತ್ರ ಪರೀಕ್ಷೆಗೆ ಒಳಗಾಗಬಹುದು, ಉಳಿದ ದೋಷಗಳು ಸುಗ್ಗಿಯಲ್ಲಿ ತೊಗರಿಯ ಆವಕ ಜೋರಾಗಿರುವ ದಿನವೇ ಹೊರಬರುತ್ತವೆ. ಈ ಮೆನು ಇಡೀ ಕಡತವನ್ನು ಪರೀಕ್ಷಿಸಿ ಒಂದು ಸಲಕ್ಕೆ ಒಂದೇ ದೋಷವನ್ನು ತೋರಿಸುತ್ತದೆ. ಅದನ್ನು ಸರಿಪಡಿಸಿ ಮತ್ತೆ ಒತ್ತಬೇಕು. ಎಲ್ಲವೂ ಸರಿಯಾದಾಗ ಮೆನುವಿನ ಆ ಸಾಲು ಮಂಕಾಗುತ್ತದೆ.

ಹೊಸ ಕಂಪ್ಯೂಟರಿನಲ್ಲಿ ನೀವು ಬಹುಶಃ ಮುಂದೆ ಕಾಣುವುದು 64 ಬಿಟ್‌ನ ದೋಷವನ್ನು. ‘ಡಿಕ್ಲೇರ್’ ಎಂದು ಆರಂಭವಾಗುವ ಸಾಲುಗಳು ಕೆಂಪಾಗಿ, ಅವುಗಳಿಗೆ ‘ಪಿಟಿಆರ್‌ಸೇಫ್’ ಸೇರಿಸಬೇಕೆಂಬ ಉದ್ದನೆಯ ಸಂದೇಶ ಬರುತ್ತದೆ. ಆಫೀಸ್ 2010ರಲ್ಲಿ ಮೊದಲ ಬಾರಿಗೆ 64 ಬಿಟ್ ಆವೃತ್ತಿ ಬಂತು, 2019ರಿಂದ ಬೇರೆ ಹೇಳದಿದ್ದರೆ ಅದೇ ಇನ್‌ಸ್ಟಾಲ್ ಆಗುತ್ತದೆ. ‘ಡಿಕ್ಲೇರ್’ ಪದದ ನಂತರ ‘ಪಿಟಿಆರ್‌ಸೇಫ್’ ಬರೆದರೆ ಕೆಂಪು ಹೋಗುತ್ತದೆ, ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕಿಟಕಿಯ ಹ್ಯಾಂಡಲ್ (ವಿಂಡೋಸ್ ಅದಕ್ಕೆ ಕೊಡುವ ಗುರುತು) ಅಥವಾ ಮೆಮೊರಿಯ ವಿಳಾಸವನ್ನು ಹಿಡಿಯುವ ವೇರಿಯಬಲ್ಲುಗಳನ್ನು ‘ಲಾಂಗ್’ನಿಂದ ‘ಲಾಂಗ್‌ಪಿಟಿಆರ್’ಗೆ ಬದಲಿಸಬೇಕು, ಬರಿಯ ಸಂಖ್ಯೆಯನ್ನು ಹಿಡಿಯುವವನ್ನು ಹಾಗೆಯೇ ಬಿಡಬೇಕು. ಎಲ್ಲ ‘ಲಾಂಗ್’ಗಳನ್ನೂ ಒಮ್ಮೆಲೇ ಬದಲಿಸುವವರಿದ್ದಾರೆ; ಅದರಿಂದ ಆಕ್ಸೆಸ್ ನಡುವೆಯೇ ಮುಚ್ಚಿಕೊಳ್ಳುವ ಅಪಾಯವಿದೆ. ಇಂತಹ ಸಾಲುಗಳು ಬಹಳವಿದ್ದು ತಿದ್ದುವವರು ಯಾರೂ ಇಲ್ಲದಿದ್ದರೆ, 64 ಬಿಟ್ ಆಫೀಸನ್ನು ತೆಗೆಸಿ 32 ಬಿಟ್‌ನದನ್ನು ಹಾಕಿಸುವುದೇ ಅಂಗಡಿಗೆ ಲೇಸು ಎಂಬುದು ನನ್ನ ಅಭಿಪ್ರಾಯ.

ನಮ್ಮ ಭಾಗದ ಹಳೆಯ ಕಡತಗಳಲ್ಲಿ ಕಾಣುವ ಇನ್ನೊಂದು ದೋಷಕ್ಕೆ ಊರಿನ ಹೆಸರೇ ಕಾರಣ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದ ಮೇಲೆ, ಫಾರ್ಮಿನ ಮೇಲೆ ಕಾಣುವ ‘ಕ್ಯಾಪ್ಶನ್’ ಮಾತ್ರ ಬದಲಿಸಬೇಕಾದಲ್ಲಿ ಬಾಕ್ಸಿನ ‘ನೇಮ್’ ಅನ್ನೂ ಬದಲಿಸಿದ ಕಡತಗಳಿವೆ. ಕೋಡಿನಲ್ಲಿ ಹಳೆಯ ಹೆಸರೇ ಉಳಿದಿರುವುದರಿಂದ ‘ಮೆಥಡ್ ಆರ್ ಡೇಟಾ ಮೆಂಬರ್ ನಾಟ್ ಫೌಂಡ್’ ಎಂದು ಬರುತ್ತದೆ. ‘ಮಿ’ (ಕೋಡಿನಲ್ಲಿ ಆ ಫಾರ್ಮ್ ಎಂದರ್ಥ) ನಂತರ ಚುಕ್ಕಿಯ ಬದಲು ಆಶ್ಚರ್ಯಸೂಚಕ ಚಿಹ್ನೆ ಇಟ್ಟರೆ ಕಂಪೈಲ್ ಆಗಿಬಿಡುತ್ತದೆ, ಏಕೆಂದರೆ ಆಗ ಹೆಸರಿನ ಪರೀಕ್ಷೆ ಕೋಡ್ ನಡೆಯುವ ಹೊತ್ತಿಗೆ ಮುಂದೂಡಲ್ಪಡುತ್ತದೆ. ಅದು ದೋಷವನ್ನು ಮುಚ್ಚಿಡುವ ಕೆಲಸ, ಹೆಸರನ್ನೇ ಸರಿಪಡಿಸಿ.

ಕನ್ನಡದ ವಿಷಯವನ್ನೂ ಇಲ್ಲಿ ಹೇಳಬೇಕು. ಆಕ್ಸೆಸ್‌ನ ಟೇಬಲ್ಲುಗಳೂ ಫಾರ್ಮುಗಳೂ ಯೂನಿಕೋಡ್ ಕನ್ನಡವನ್ನು ಚೆನ್ನಾಗಿ ತೋರಿಸುತ್ತವೆ, ಆದರೆ ಕೋಡ್ ಕಿಟಕಿಗೆ ಯೂನಿಕೋಡ್ ಬಾರದು. ಅಲ್ಲಿ ಅಂಟಿಸಿದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ. ಆದ್ದರಿಂದ ಫೀಲ್ಡಿನ ಹೆಸರನ್ನು ಇಂಗ್ಲಿಷಿನಲ್ಲಿಟ್ಟು ‘ತೂಕ’, ‘ಹಮಾಲಿ’, ‘ದಲಾಲಿ’ ಎಂಬುವನ್ನು ಕ್ಯಾಪ್ಶನ್ನಿನಲ್ಲಿ ಕೊಡಿ. ಕನ್ನಡದ ಸಂದೇಶಗಳು ಬೇಕಿದ್ದರೆ ಒಂದು ಟೇಬಲ್ಲಿನಲ್ಲಿ ಇಟ್ಟು ‘ಡಿ‌ಲುಕಪ್’ ಮೂಲಕ ತರಿಸಿಕೊಂಡು ಫಾರ್ಮಿನ ಲೇಬಲ್ಲಿನಲ್ಲಿ ತೋರಿಸಿ. ಯಾರಾದರೂ ವಾಟ್ಸಾಪಿನಲ್ಲಿ ಅಥವಾ ವರ್ಡ್ ಕಡತದಲ್ಲಿ ಕೋಡ್ ಕಳಿಸಿದ್ದರೆ ಅದರ ಉದ್ಧರಣ ಚಿಹ್ನೆಗಳು ಬಾಗಿದವೋ ನೆಟ್ಟಗಿರುವವೋ ಎಂದು ನೋಡಿ. ಬಾಗಿದ ಚಿಹ್ನೆಗಳನ್ನು ಕಂಪೈಲರ್ ಒಪ್ಪುವುದಿಲ್ಲ, ಅಳಿಸಿ ಕೀಲಿಮಣೆಯಿಂದಲೇ ಒತ್ತಬೇಕು.

‘ನೆಕ್ಸ್ಟ್ ವಿದೌಟ್ ಫಾರ್’ ಎಂದು ಬಂದಾಗ ‘ಫಾರ್’ ಕಣ್ಣೆದುರಿಗೇ ಇದ್ದರೆ, ಅವೆರಡರ ನಡುವೆ ಮುಚ್ಚದೆ ಬಿಟ್ಟ ‘ಇಫ್’ ಇದೆಯೇ ಎಂದು ಹುಡುಕಿ. ‘ಎಂಡ್ ಇಫ್’ ಸೇರಿಸಿದರೆ ಸಾಕು.

ಪ್ರತಿ ಮಾಡ್ಯೂಲಿನ (ಕೋಡ್ ಬರೆದಿಡುವ ಪುಟದ) ತಲೆಯಲ್ಲಿ, ವೇರಿಯಬಲ್ಲುಗಳನ್ನು ಮೊದಲೇ ಘೋಷಿಸಲೇಬೇಕೆನ್ನುವ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಇರಬೇಕೆಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅದಿಲ್ಲದ ಕಡೆ ಹಮಾಲಿ ಎಂಬುದನ್ನು ಇಂಗ್ಲಿಷಿನಲ್ಲಿ ಒಮ್ಮೆ ಒಂದು ‘ಎ’ಯಿಂದ, ಇನ್ನೊಮ್ಮೆ ಎರಡು ‘ಎ’ಯಿಂದ ಬರೆದಿದ್ದರೆ ಎರಡನೆಯದು ಖಾಲಿ ವೇರಿಯಬಲ್ ಆಗಿ, ಪಟ್ಟಿಯಲ್ಲಿ ಹಮಾಲಿ ಕಳೆಯದೆಯೇ ಮೊತ್ತ ಬರುತ್ತದೆ, ಯಾವ ದೋಷವೂ ಕಾಣಿಸುವುದಿಲ್ಲ. ಆದರೆ ಇಂದೇ ಅದನ್ನು ಸೇರಿಸಿದರೆ ಹಳೆಯ ಕೋಡಿನಲ್ಲಿ ‘ವೇರಿಯಬಲ್ ನಾಟ್ ಡಿಫೈನ್ಡ್’ ಸಾಲುಗಟ್ಟಿ ಬಂದು, ನೀವು ಹುಡುಕುತ್ತಿರುವ ದೋಷ ಅವುಗಳ ನಡುವೆ ಕಳೆದುಹೋಗುತ್ತದೆ. ಮೊದಲು ಅಂಗಡಿಯ ಕೆಲಸ ನಡೆಯಲಿ, ಬಿಡುವಿನ ದಿನಗಳಲ್ಲಿ ಒಂದೊಂದೇ ಮಾಡ್ಯೂಲಿಗೆ ಸೇರಿಸಿ.

ರೆಫರೆನ್ಸಸ್ ಶುದ್ಧವಾಗಿದ್ದು, ಸಾಲೂ ಸರಿಯಿದ್ದು, ಆದರೂ ದೋಷ ಹೋಗದಿದ್ದರೆ, ಕರೆಂಟು ಹೋದಾಗ ಕಡತ ಅರ್ಧಕ್ಕೆ ಮುಚ್ಚಿ ಒಳಗಿನ ಕಂಪೈಲ್ ಆದ ರೂಪ ಕೆಟ್ಟಿರುವ ಸಾಧ್ಯತೆಯಿದೆ. ಪ್ರತಿಯ ಮೇಲೆ ಮಾತ್ರ ಈ ಕೆಲಸ ಮಾಡಿ: ಆಕ್ಸೆಸ್ ತೆರೆಯುವ ಶಾರ್ಟ್‌ಕಟ್‌ನಲ್ಲಿ ಕಡತದ ಹಾದಿಯ ನಂತರ ಓರೆಗೆರೆ ಹಾಕಿ ‘ಡಿಕಂಪೈಲ್’ ಎಂದು ಬರೆದು, ಶಿಫ್ಟ್ ಕೀಲಿ ಒತ್ತಿ ಹಿಡಿದುಕೊಂಡೇ ತೆರೆಯಿರಿ. ಅನಂತರ ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಮಾಡಿ ಮತ್ತೆ ಕಂಪೈಲ್ ಮಾಡಿ. ಅದೂ ಫಲಿಸದಿದ್ದರೆ ಹೊಸ ಖಾಲಿ ಕಡತವೊಂದನ್ನು ಮಾಡಿ ಎಲ್ಲವನ್ನೂ ಅದರೊಳಗೆ ಇಂಪೋರ್ಟ್ ಮಾಡಿಕೊಳ್ಳಿ.

ಆರಂಭಿಸುವ ಮುನ್ನ ಕಡತದ ಹೆಸರಿನ ಕೊನೆಯನ್ನೂ ನೋಡಿಕೊಳ್ಳಿ. ಅದು ‘ಎಂಡಿಇ’ ಅಥವಾ ‘ಎಸಿಸಿಡಿಇ’ ಆಗಿದ್ದರೆ ಅದರೊಳಗೆ ತಿದ್ದಲು ಬರುವ ಕೋಡೇ ಇರುವುದಿಲ್ಲ. ಬರೆದವರ ಬಳಿಯಿರುವ ಮೂಲ ಕಡತವನ್ನೇ ತರಿಸಬೇಕು. ‘ಎಂಡಿಬಿ’ ಅಥವಾ ‘ಎಸಿಸಿಡಿಬಿ’ ಆಗಿದ್ದೂ ದೋಷ ಉಳಿದರೆ, ಸಂದೇಶದ ಪೂರ್ಣ ಪಾಠವನ್ನೂ ಆಕ್ಸೆಸ್‌ನ ಆವೃತ್ತಿ ಮತ್ತು ಬಿಟ್ ಸಂಖ್ಯೆಯನ್ನೂ ರೆಫರೆನ್ಸಸ್ ಕಿಟಕಿಯ ಚಿತ್ರವನ್ನೂ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಚಿತ್ರದ ಹಿಂಬದಿಯಲ್ಲಿ ರೈತರ ಹೆಸರುಗಳಾಗಲಿ ಖಾತೆ ಸಂಖ್ಯೆಗಳಾಗಲಿ ಕಾಣದಂತೆ ಫಾರ್ಮನ್ನು ಮುಚ್ಚಿ ತೆಗೆಯಿರಿ.