ಪೆರುವಿನಲ್ಲಿ ಮಗ್ಗಕ್ಕೆ ಕೂರುವ ಮುನ್ನ

ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ನೇಯ್ಗೆ ನೋಡಲು, ಕಲಿಯಲು ತಂಡ ಕಟ್ಟಿಕೊಂಡು ಹೊರಟವರ ಪ್ರಶ್ನೆಗಳು ಈ ಬಾರಿ.

ನಾವು ಎಂಟು ಮಂದಿ ಗೆಳತಿಯರು, ಹೆಚ್ಚಿನವರು ಅರವತ್ತರ ಆಸುಪಾಸು. ಪ್ರವಾಸದವರ ಪಟ್ಟಿಯಲ್ಲಿ ಬೆಳಿಗ್ಗೆ ಲಿಮಾದಿಂದ ಕುಸ್ಕೊಗೆ ವಿಮಾನ, ಮಧ್ಯಾಹ್ನವೇ ಚಿಂಚೆರೊದಲ್ಲಿ ನೇಯ್ಗೆ ಪಾಠ ಎಂದಿದೆ. ಆದೀತೇ? (ಹುಬ್ಬಳ್ಳಿ)

ಆಗದು, ಬದಲಿಸಲು ಹೇಳಿ. ಲಿಮಾ ಇರುವುದು ಕಡಲ ದಂಡೆಯಲ್ಲಿ. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಚಿಂಚೆರೊ 3,700 ದಾಟುತ್ತದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಯೇ 1,930 ಮೀಟರ್. ಹೆಚ್ಚುಕಡಿಮೆ ಅದರ ಎರಡರಷ್ಟು ಎತ್ತರಕ್ಕೆ ಅರ್ಧ ದಿನದಲ್ಲಿ ಏರಿ, ಬಗ್ಗಿ ಕೂತು ಎಳೆ ಎಣಿಸಹೊರಟರೆ ತಲೆಸಿಡಿತ, ವಾಕರಿಕೆ ಶುರುವಾಗುತ್ತದೆ. ಅಲ್ಲಿಯವರು ಅದಕ್ಕೆ ಸೊರೊಚೆ ಎನ್ನುತ್ತಾರೆ.

ಕುಸ್ಕೊ ವಿಮಾನ ನಿಲ್ದಾಣದಿಂದ ನೇರವಾಗಿ ಉರುಬಂಬಾ ಕಣಿವೆಗೆ ಇಳಿಯಿರಿ. ಅಲ್ಲಿ 2,900 ಮೀಟರಿನ ಒಳಗೇ ಇರುತ್ತೀರಿ. ಎರಡು ರಾತ್ರಿ ಮಲಗಿ, ಮೂರನೆಯ ದಿನ ಚಿಂಚೆರೊಗೆ ಹತ್ತಿ. ಕಣಿವೆಗೆ ಹೋಗುವ ದಾರಿ ಚಿಂಚೆರೊ ಮೇಲೆಯೇ ಹಾಯುತ್ತದೆ. ‘ಹೇಗೂ ದಾರಿಯಲ್ಲಿದೆ’ ಎಂದು ಅದನ್ನು ಮೊದಲ ದಿನಕ್ಕೇ ತುರುಕುವುದು ಇದಕ್ಕೇ. ಎತ್ತರದ ಈ ತೊಂದರೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ; ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಯಾರಿಗಾದರೂ ಕೂತಲ್ಲೇ ಏದುಸಿರು ಬಂದರೆ, ನಡಿಗೆ ತೂರಾಡಿದರೆ ರಾತ್ರಿ ಕಳೆಯಲೆಂದು ಕಾಯದೆ ಕೆಳಗಿಳಿಸಿ.

ಇನ್ನೊಂದು ಮಾತು: ಪಟ್ಟಿಯಲ್ಲಿ ಐದು ಹಳ್ಳಿಗಳಿದ್ದರೆ ಮೂರನ್ನು ಹೊಡೆದುಹಾಕಿಸಿ. ಒಂದೇ ಅಂಗಳದಲ್ಲಿ ಮೂರು ದಿನ ಕೂತವರ ಕೈಗೆ ಏನಾದರೂ ಹತ್ತುತ್ತದೆ. ಐದು ಅಂಗಳ ಸುತ್ತಿದವರ ಚೀಲವಷ್ಟೇ ತುಂಬುತ್ತದೆ.

ಇಳಕಲ್ಲಿನ ಕುಣಿಮಗ್ಗದಲ್ಲಿ ನೇಯ್ದು ರೂಢಿಯಿದೆ. ಅಲ್ಲಿನ ಮಗ್ಗದಲ್ಲಿ ನನಗೆ ಹೊಸತೇನು? (ಬಾಗಲಕೋಟೆ ಜಿಲ್ಲೆ)

ಮೊದಲ ಹೊಸತು, ಅಲ್ಲಿ ಮಗ್ಗಕ್ಕೆ ಚೌಕಟ್ಟೇ ಇಲ್ಲ. ಹಾಸಿನ (ಉದ್ದದ ಎಳೆಗಳ) ಒಂದು ತುದಿಯನ್ನು ಗೂಟಕ್ಕೋ ಮರಕ್ಕೋ ಕಟ್ಟಿ, ಇನ್ನೊಂದನ್ನು ಸೊಂಟದ ಪಟ್ಟಿಗೆ ಬಿಗಿಯುತ್ತಾರೆ. ನೀವು ಹಿಂದಕ್ಕೆ ವಾಲಿದರೆ ಹಾಸು ಬಿಗಿ, ಮುಂದಕ್ಕೆ ಬಾಗಿದರೆ ಸಡಿಲ. ಎಳೆಗಳ ನಡುವಿನ ಅಂತರ ಕಾಯುವ ಹಣಿಗೆಯೂ ಇಲ್ಲ, ಕಾಲ್ತುಳಿಯೂ ಇಲ್ಲ. ಒಂದು ಸಾಲಿನ ಎಳೆಗಳನ್ನು ದಾರದ ಕುಣಿಕೆಗಳು ಎತ್ತುತ್ತವೆ. ಇನ್ನೊಂದು ಸಾಲಿಗೆ ಕೋಲು. ಹೊಕ್ಕನ್ನು (ಅಡ್ಡ ಎಳೆಯನ್ನು) ಬಡಿದು ಕೂರಿಸುವುದು ಲಾಮಾ ಎಂಬ ಅಲ್ಲಿನ ಒಂಟೆಬಳಗದ ಪ್ರಾಣಿಯ ಎಲುಬಿನ ಚೂಪು ತುಂಡು, ರುಕಿ.

ನೇಯ್ಗೆಯಲ್ಲಿ ಕಾಣುವುದೆಲ್ಲ ಹಾಸಿನ ಎಳೆಗಳೇ, ಹೊಕ್ಕು ಒಳಗೆ ಮುಚ್ಚಿಹೋಗುತ್ತದೆ. ಚಿತ್ತಾರ ಮೂಡುವುದು ಎಳೆಗಳನ್ನು ಬೆರಳಿನಿಂದ ಆರಿಸಿ ಎತ್ತಿದಾಗ. ಹೊಸಬರು ಎಡವುವುದು ಮೂರು ಕಡೆ. ಹೊಕ್ಕನ್ನು ಜಗ್ಗಿ ಎಳೆದರೆ ಪಟ್ಟಿ ನೇಯುತ್ತ ನೇಯುತ್ತ ಕಿರಿದಾಗುತ್ತದೆ. ಹಣಿಗೆ ಇಲ್ಲದ್ದರಿಂದ ಅಗಲ ಕಾಯುವುದು ನಿಮ್ಮ ಕೈಯೇ. ಒಂದು ಪಕ್ಕಕ್ಕೆ ವಾಲಿ ಕೂತರೆ ಒಂದು ಅಂಚು ಜೋಲುತ್ತದೆ. ಇನ್ನು ಉಣ್ಣೆಯ ರೋಮಗಳು ಒಂದಕ್ಕೊಂದು ಅಂಟಿ ಎಳೆಗಳ ನಡುವೆ ಬಾಯಿ ತೆರೆಯದು. ಆಗ ಸೊಂಟ ತುಸು ಸಡಿಲಿಸಿ ಕುಣಿಕೆಗಳನ್ನು ಎತ್ತಿ, ರುಕಿಯ ತುದಿಯಿಂದ ಹಾಸನ್ನು ತಂಬೂರಿ ಮೀಟಿದಂತೆ ಅಡ್ಡಕ್ಕೆ ಗೀರಬೇಕು. ನಮ್ಮ ಕಂಬಳಿ ನೇಯುವವರು ಹುಣಸೆಬೀಜದ ಗಂಜಿ ಹಚ್ಚಿ ರೋಮ ಕೂರಿಸುತ್ತಾರೆ. ಅಲ್ಲಿ ಆ ಕೆಲಸವನ್ನು ಹುರಿಯೇ ಮಾಡುತ್ತದೆ: ಎರಡೆಳೆ ಸೇರಿಸಿ ಎಷ್ಟು ಬಿಗಿಯಾಗಿ ಹುರಿ ಹಾಕುತ್ತಾರೆಂದರೆ ಸಡಿಲ ಬಿಟ್ಟ ನೂಲು ತಾನೇ ಸುರುಳಿ ಸುತ್ತಿಕೊಳ್ಳುತ್ತದೆ.

ಮೊದಲ ಪಾಠಕ್ಕೆ ಕೊಡುವುದು ಜಕಿಮಾ ಎಂಬ ಬೆರಳಗಲದ ಪಟ್ಟಿ. ಅಲ್ಲಿನ ಮಕ್ಕಳೂ ಅದರಿಂದಲೇ ಶುರುಮಾಡುತ್ತಾರೆ. ಮೊದಲ ದಿನ ಗೇಣುದ್ದ ನೇಯ್ದರೆ ಚೆನ್ನಾಗಿಯೇ ನೇಯ್ದಿರಿ ಎಂದರ್ಥ.

ಇಳಕಲ್ಲಿನವರು ತಪ್ಪದೆ ನೋಡಬೇಕಾದದ್ದು ಪಿತುಮಾರ್ಕಾ ಹಳ್ಳಿಯ ತಿಕ್ಯಾ ನೇಯ್ಗೆ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೀವು ಕೊಂಡಿ ಹಾಕಿ ಸೇರಿಸುತ್ತೀರಲ್ಲ, ಅಲ್ಲೂ ಒಂದು ಬಣ್ಣದ ಹಾಸು ಮುಗಿದಲ್ಲಿ ಇನ್ನೊಂದು ಬಣ್ಣದ್ದು ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿಕೊಂಡು ಶುರುವಾಗುತ್ತದೆ. ಆದರೆ ಅವರು ಮೊದಲು ಅಡ್ಡಕ್ಕೆ ಆಸರೆ ದಾರ ಕಟ್ಟಿ, ಅದರ ಸುತ್ತ ಹಾಸನ್ನು ತಿರುಗಿಸಿ, ಆಮೇಲೆ ಆ ದಾರ ಎಳೆದುಹಾಕುತ್ತಾರೆ. ಒಂದೇ ಬಟ್ಟೆಯಲ್ಲಿ ಹೀಗೆ ಹಲವು ಕಡೆ. ನಿಮ್ಮ ಸೀರೆಯ ಕೊಂಡಿ ಕಾಣುವ ತುಂಡೊಂದನ್ನು ಒಯ್ಯಿರಿ, ಅದನ್ನು ತೋರಿಸಿದರೆ ದುಭಾಷಿಯ ಅರ್ಧ ಕೆಲಸ ಉಳಿಯುತ್ತದೆ.

ಅಲ್ಲಿನ ಕೆಂಪು ಬಣ್ಣ ಹುಳುವಿನದೇ? ಮನೆಗೆ ತಂದು ನಾವೂ ಬಳಸಬಹುದೇ? (ಶಿವಮೊಗ್ಗ)

ಹೌದು, ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಹೆಣ್ಣು ಹುಳು. ಒಣಗಿಸಿದ ಒಂದು ಕಿಲೋಗೆ ಸುಮಾರು ಒಂದೂವರೆ ಲಕ್ಷ ಹುಳು ಬೇಕು. ಹುಳು ಕೊಲ್ಲುವುದು ಬೇಡವೆನ್ನುವವರು ಚಿಲ್ಕಾ ಸೊಪ್ಪಿನ ಹಸಿರು, ಕೊಲ್ಯೆ ಹೂವಿನ ಹಳದಿ ಆರಿಸಬಹುದು. ರೇಷ್ಮೆ ಉಡುವ ಮನೆಗಳಿಗೆ ಈ ಪ್ರಶ್ನೆ ಹೊಸತೇನಲ್ಲ.

ಅಂಗೈಯಲ್ಲಿ ಹುಳು ಅರೆದು ನಿಂಬೆರಸ ಹಿಂಡಿ ಕಿತ್ತಳೆ ಮಾಡಿ ತೋರಿಸುತ್ತಾರೆ. ಕ್ಷಾರ ಸೇರಿಸಿದರೆ ನೇರಳೆ. ನೋಡಲು ಮಜಾ, ಆದರೆ ನೂಲಿಗೆ ಅಷ್ಟೇ ಸಾಲದು. 100 ಗ್ರಾಂ ಉಣ್ಣೆಗೆ 10–12 ಗ್ರಾಂ ಪಟಿಕ ಕರಗಿಸಿ ಒಂದು ತಾಸು ಸಣ್ಣ ಉರಿಯಲ್ಲಿಡಿ. ಬೇರೆ ಪಾತ್ರೆಯಲ್ಲಿ 5–8 ಗ್ರಾಂ ಹುಳುಪುಡಿ ಕುದಿಸಿ, ಸೋಸಿ, ಒದ್ದೆ ನೂಲನ್ನು ಅದರಲ್ಲಿ ಮುಕ್ಕಾಲು ತಾಸು ಬಿಸಿಯಲ್ಲಿಡಿ. ಕೊತಕೊತ ಕುದಿಸಿ ಕಲಕಿದರೆ ಉಣ್ಣೆ ಗಂಟುಕಟ್ಟುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಕೆಂಪು ಕಂದುನೇರಳೆಗೆ ತಿರುಗುತ್ತದೆ, ಸ್ಟೀಲ್ ಬಳಸಿ. ತೊಳೆಯಲು ಬಟ್ಟೆ ಸೋಪು ಬೇಡ, ಅದರ ಕ್ಷಾರಕ್ಕೂ ಬಣ್ಣ ಜರುಗುತ್ತದೆ.

ಬ್ರಿಟಿಷರು ಇದೇ ಹುಳುವಿನ ಆಸೆಗೆ 1795ರಲ್ಲಿ ಬ್ರೆಜಿಲ್ಲಿನಿಂದ ಭಾರತಕ್ಕೆ ತರಿಸಿದ್ದು ಬೇರೆಯೇ ಜಾತಿಯದು. ಅದು ಒಳ್ಳೆಯ ಬಣ್ಣ ಕೊಡಲಿಲ್ಲ, ಕಳ್ಳಿಯನ್ನು ಮಾತ್ರ ತಿಂದುಹಾಕಿತು.

‘ಬೇಬಿ ಅಲ್ಪಾಕಾ’ ಶಾಲು ಅಸಲಿಯೇ ಎಂದು ತಿಳಿಯುವುದು ಹೇಗೆ? (ಮೈಸೂರು)

ಅಲ್ಪಾಕಾ ಎಂದರೆ ಲಾಮಾದ ಬಳಗದ, ಉಣ್ಣೆಗೆ ಸಾಕುವ ಪ್ರಾಣಿ. ಬೇಬಿ ಎಂದರೆ ಮರಿಯದು ಎಂದಲ್ಲ, ಸುಮಾರು 22 ಮೈಕ್ರಾನ್ ನಯದ ಎಳೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವುದು ಬಹುಪಾಲು ಅಕ್ರಿಲಿಕ್ ಬೆರಕೆ. ಅಸಲಿಯನ್ನು ಕೆನ್ನೆಗಿಟ್ಟರೆ ತಣ್ಣಗೆ, ಕೈಗೆ ತುಸು ಭಾರ. ಕುಚ್ಚಿನ ಒಂದೆಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದೇ ಬಳಗದ ಕಾಡುಪ್ರಾಣಿ ವಿಕುನ್ಯಾದ ಉಣ್ಣೆ ಬಲು ದುಬಾರಿ; ಅಗ್ಗದ ವಿಕುನ್ಯಾ ಎಂದವರ ಮುಂದೆ ನಿಲ್ಲಲೇಬೇಡಿ. ನೇಕಾರರ ಹೆಸರಿನ ಚೀಟಿ ಇರುವ ಬಟ್ಟೆ ಬೇಕಿದ್ದರೆ, ಚಿಂಚೆರೊದ ನೇಕಾರ್ತಿ ನೀಲ್ಡಾ ಕಾಲ್ಯಾನ್ಯೌಪಾ ಮತ್ತು ಜೊತೆಯ ನೇಕಾರರು 1996ರಲ್ಲಿ ಕಟ್ಟಿದ ಕುಸ್ಕೊದ ಸಾಂಪ್ರದಾಯಿಕ ಜವಳಿ ಕೇಂದ್ರಕ್ಕೆ ಹೋಗಿ. ಚೌಕಾಸಿ ಅಲ್ಲಿ ಬೇಡ.

ಸಸ್ಯಾಹಾರ, ಲಸಿಕೆ? (ಬೆಂಗಳೂರು)

ಮಾಂಸ ಬೇಡವೆಂದರೂ ಸೂಪಿನಲ್ಲಿ ಕೋಳಿ ಬೇಯಿಸಿದ ನೀರು ಇರುತ್ತದೆ. ‘ಸಿನ್ ಕಾರ್ನೆ, ಸಿನ್ ಪೊಯ್ಯೊ, ಸಿನ್ ಕಾಲ್ದೊ ದೆ ಪೊಯ್ಯೊ’ (ಮಾಂಸ ಬೇಡ, ಕೋಳಿ ಬೇಡ, ಕೋಳಿ ಬೇಯಿಸಿದ ನೀರೂ ಬೇಡ) ಎಂದು ಮೂರನ್ನೂ ಹೇಳಿ. ಆಲೂಗಡ್ಡೆ, ಮೆಕ್ಕೆಜೋಳದ ತೆನೆ, ಕೀನ್ವಾ ಕಾಳಿಗೆ ಬರವಿಲ್ಲ.

ಪೆರುವಿನಿಂದ ಮರಳುವವರಿಂದ ಭಾರತ ಹಳದಿ ಜ್ವರ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಚುಚ್ಚಿಸಿಕೊಂಡ 10 ದಿನಗಳ ನಂತರವೇ ಅದು ಊರ್ಜಿತ. ಅರವತ್ತು ದಾಟಿದವರಿಗೆ ಈ ಲಸಿಕೆಯಲ್ಲಿ ಅಪಾಯ ತುಸು ಹೆಚ್ಚು, ಆದ್ದರಿಂದ ಟಿಕೆಟ್ಟಿಗೆ ಮೊದಲೇ ವೈದ್ಯರನ್ನು ಕಾಣಿ. ಕೋಕಾ ಎಲೆಯ ಚಹಾ ಅಲ್ಲಿ ಹೋಟೆಲಿನಲ್ಲೇ ಕೊಡುತ್ತಾರೆ, ಕುಡಿಯಿರಿ. ಒಂದೇ ಒಂದು ಪೊಟ್ಟಣವೂ ಚೀಲದಲ್ಲಿ ಉಳಿಯಬಾರದು: ಕೋಕಾ ಎಲೆ ನಮ್ಮಲ್ಲಿ ಮಾದಕವಸ್ತು ಕಾಯ್ದೆಯಡಿ ಬರುತ್ತದೆ.